ರಜನಿ ತಡೆದ ಆಮೆನ್

"ಪ್ರಾರ್ಥನಾ ನಾನೇ ಮಾಡಾಂವ. ಅಂವಗ ಹಿಂದ ಸರಿ ಅನ್ರಿ!" ಎಂದು ದೇವಿದಾಸ ಸಮಾಧಿ ಗುಂಡಿಯ ಈ ದಂಡೆಯಿಂದ ಕೂಗಿದ.

"ಸಭಾಕ್ಕ ಹಿರ್ಯ ನಾನು. ಅಂವಗೇ ಅನ್ರಿ!" ಎಂದು ಮಾಣಿಕ ಆ ದಂಡೆಯಿಂದ ಕೂಗಿದ. ಆ ಕೂಗಿಗೆ ಮನೂರಿನ ಹಕ್ಕಿಗಳು ತಾಂಡೂರಿನ ತನಕ ಹಾರಿಹೋದವು.

ಪ್ರತ್ಯೇಕ ತೆಲಂಗಾಣಕ್ಕಾಗಿ ಅಂದು ಬಂದ್. ಇರುವೆ ಕೂಡ ರಸ್ತೆ ದಾಟದಂಥ ಬಂದ್. ಜಹೀರಾಬಾದಿನಿಂದ ಹೊರಟ ಪಾಸ್ಟರು ರಾಸ್ತಾರೋಕೋದಲ್ಲಿ ಸಿಕ್ಕಿಬಿದ್ದು, "ಹಿರಿಯರೇ ಪ್ರಾರ್ಥನೆ ಮಾಡಿ ಮಣ್ಣು ಮಾಡ್ರಿ" ಎಂದು ಫೋನ್ ಮಾಡಿದ್ದರು. ಯಾವ ಹಿರಿಯ ಎನ್ನುವಷ್ಟರಲ್ಲಿ ಫೋನು ಸತ್ತಿತ್ತು. ಚರ್ಚಿನ ಮುಂದಿನ ಕುರ್ಚಿಗಾಗಿ ಜಗಳಾಡಿ ಇವರಿಬ್ಬರೂ ಮಾತು ಬಿಟ್ಟು ನಾಲ್ಕು ವರ್ಷ.

"ನಮ್ಮವ್ವನ್ನ ಗುಂಡ್ಯಾಗ ಇಟ್ಟು ಬಿಸಲಾಗ ಒಣಗಸ್ತೀರೇನ್ರಿ?" ಎಂದು ಸತ್ತ ಹಣಮಮ್ಮನ ಮಗಳು ಮೈಸಮ್ಮ ಅತ್ತಳು. "ಯಾರರೆ ಒಬ್ರು ಮಾಡ್ರಿ!"

"ನಾ ಮಾಡ್ಲೇನ್ರಿ?" ಚರ್ಚಿನ ಮಕ್ಕಳ ಗುಂಪಿನಿಂದ ಎಂಟು ವರ್ಷದ ರಜನಿ ಕೇಳಿದಳು. "ಅಜ್ಜಿ ನಮ್ಮ ಸಂಗಟೇ ಮಾಡ್ತಿದ್ಳು."

"ನಿಮ್ಮ ಸಂಗಟ?" ಇಬ್ಬರು ಹಿರಿಯರೂ ಒಟ್ಟಿಗೇ ಕೇಳಿದರು.

*

ಹೋದ ವರ್ಷದ ಒಂದು ಭಾನುವಾರ. ಚರ್ಚಿನ ಕಸ ಗುಡಿಸುವ ಹಣಮಮ್ಮ ಪ್ರಾರ್ಥನೆಗೆ ಎದ್ದು ನಿಂತು ತೊದಲಿದಳು. "ಸಾಕು, ಕುಂದ್ರಬೇ" ಎಂದ ದೇವಿದಾಸ. ಮಾಣಿಕ ನಕ್ಕ, ಆ ನಾಲ್ಕು ವರ್ಷದಲ್ಲಿ ಅವರಿಬ್ಬರೂ ಒಪ್ಪಿದ್ದು ಅದೊಂದಕ್ಕೇ. ಹಣಮಮ್ಮ ಹೊರಗೆ ಬೇವಿನ ಕೆಳಗಿದ್ದ ಮಕ್ಕಳ ಹತ್ತಿರ ಹೋಗಿ ಕುಳಿತಳು.

"ನೀವು ಹ್ಯಾಂಗ ಮಾಡ್ತೀರೇ ಪ್ರಾರ್ಥನಾ?"

"ಜಗಳಾಡಿದಾರು ಮದಲ ಕಿರಿಬೆರಳು ಕೂಡಸಬೇಕಜ್ಜಿ. ಇಲ್ಲಾಂದ್ರ ಆಮೆನ್ ಅನ್ನಂಗಿಲ್ಲ," ಎಂದಳು ರಜನಿ.

"ಯವ್ವಾ! ಎಪ್ಪತ್ತು ವರ್ಷದ ಆಮೆನ್ ದಂಡ ಆತಲ್ಲೇ!"

ಅಂದು ಸಂಜೆಯೇ ಮುದುಕಿ ಸಿರ್ಗಾಪುರಕ್ಕೆ ನಡೆದಳು. ಗಾಳಿಗಿಂತ ಮುಂದೆ ನಡೆದಳೆನ್ನಿ. ಇಪ್ಪತ್ತು ವರ್ಷ ಮಾತು ಬಿಟ್ಟಿದ್ದ ತಂಗಿಯ ಬಾಗಿಲು ತಟ್ಟಿ, ಕಿರಿಬೆರಳು ಚಾಚಿದಳು.

*

ರಜನಿ ಕಣ್ಣು ಮುಚ್ಚಿದಳು. "ಯೇಸಪ್ಪಾ, ನಮ್ಮ ಅಜ್ಜಿನ್ನ ಚಂದಾಗಿ ನೋಡ್ಕೋ. ನೆಲದಾಗ ಕುಂಡ್ರಸಬ್ಯಾಡ, ಮೊಣಕಾಲು ನೋಯ್ತಾವ."

ಅಷ್ಟಕ್ಕೇ ನಿಂತಳು. ಎಲ್ಲರೂ ಕಾದರು.

"ಆಮೆನ್ ಅನ್ನವಾ," ಎಂದ ಮಾಣಿಕ.

"ಹ್ಯಾಂಗ ಅನ್ಲಿ ಕಾಕಾ? ನೀವಿಬ್ರೂ ಇನ್ನಾ ಕಿರಿಬೆರಳು ಕೂಡಸಿಲ್ಲ." ಅವಳು ಒಂದೇ ಕಣ್ಣು ತೆರೆದು ಇಬ್ಬರನ್ನೂ ನೋಡಿದಳು.

ದೇವಿದಾಸ ಮೊದಲು ಮೊಣಕಾಲೂರಿದ. ಆಚೆಯಿಂದ ಮಾಣಿಕನೂ ಊರಿದ. ಗುಂಡಿಯ ಮೇಲೆ ಬಗ್ಗಿ ಇಬ್ಬರೂ ಕಿರಿಬೆರಳು ಕೂಡಿಸಿದರು.

"ಆಮೆನ್," ಎಂದಳು ರಜನಿ.

"ಇನ್ನ ಬಿಡಬಹುದೇನವಾ?" ದೇವಿದಾಸ ಮೆಲ್ಲಗೆ ಕೇಳಿದ.

"ಜರಾ ತಡೀರಿ."

ಮೈಸಮ್ಮ ಬಗ್ಗಿ, ಆ ತೋಳುಗಳ ಕೆಳಗಿಂದ, ಮೊದಲ ಹಿಡಿ ಮಣ್ಣು ಬಿಟ್ಟಳು.