ರಣಸಿಂಗನ ಎರಡು ಲೆವೆಲ್

೨೦೧೬ರ ಬೇಸಿಗೆಯಲ್ಲಿ ಬೀದರಿನ ಹಬೀಬ ತನ್ನ ಫೋಟೋ ಫ್ರೇಮಿನ ಅಂಗಡಿಯ ಹಿಂದಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಒಂದು ಆಟ ನಡೆಸುತ್ತಿದ್ದ. ಕಥೆ ಹೇಳುವವನು ಅವನು. ಆಡುವವರು ಒಂದೊಂದು ಪಾತ್ರವಾಗಿ, ಏನು ಮಾಡುತ್ತೇವೆಂದು ಬಾಯಲ್ಲಿ ಹೇಳಿ ದಾಳ ಉರುಳಿಸುತ್ತಿದ್ದರು. ಭಾಲ್ಕಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಗಣಿತದ ಶಿಕ್ಷಕಿ ಶಿವಕಾಂತಾ ಆಟದಲ್ಲಿ ಮಂತ್ರಗಾತಿ. ಜನವಾಡದ ಮಚ್ಛೇಂದ್ರ, ರಣಸಿಂಗನೆಂಬ ಕತ್ತಿಯಾಳು.

ಮಚ್ಛೇಂದ್ರ ದುಡಿಯುತ್ತಿದ್ದ ಬೋರ್‌ವೆಲ್ ಲಾರಿಗೆ ಬರಗಾಲದಲ್ಲಿ ಲಾತೂರಿನ ಕಡೆ ಬಿಡುವಿಲ್ಲದ ಕೆಲಸ ಬಂತು. ಹೊರಡುವಾಗ ಅವನು ರಣಸಿಂಗನ ವಿವರ ಬರೆದ ಹಾಳೆಯನ್ನು ಶಿವಕಾಂತಾಳ ಕೈಗೆ ಕೊಟ್ಟ. "ನಾ ಬರೂತನಕ ನೀವೇ ಆಡ್ರಿ, ಅಕ್ಕಾರ."

ಎರಡೂವರೆ ತಿಂಗಳ ಮೇಲೆ ಮಚ್ಛೇಂದ್ರ ಮರಳಿ ಬಂದಾಗ, ಆಟದಲ್ಲಿ ರಣಸಿಂಗ ಸತ್ತಿದ್ದ.

"ಕಥಿಯಾಗಿನ ಮಠದ ಗುರು ಅವನಿಗಿ ಜೀವ ಕೊಟ್ಟು ಎಬ್ಬಿಸ್ತಾನ," ಎಂದ ಹಬೀಬ. "ಆದ್ರ ಎರಡು ಲೆವೆಲ್ ಕಮ್ಮಿ ಆಗ್ತದ. ಕಾಯ್ದಾ ಮೊದಲಿಂದ ಅದೇ ಅದ."

ಒಂದೂವರೆ ವರ್ಷ ಆಡಿ ಎಲ್ಲರೂ ಆರನೆಯ ಲೆವೆಲ್ ಮುಟ್ಟಿದ್ದರು. ಲೆವೆಲ್ ಇಳಿದರೆ ಬಲವೂ ಇಳಿಯುತ್ತಿತ್ತು.

"ನಾ ಇಲ್ಲಿ ಇರಲೇ ಇಲ್ಲ, ಹಬೀಬಭಾಯಿ. ದಾಳ ನಾ ಹಾಕಿಲ್ಲ. ಸಜಾ ನನಗ್ಯಾಕ?"

"ಸತ್ತರೂ ಏನೂ ಕಳಕೊಳ್ಳಂಗಿಲ್ಲ ಅಂದ್ರ ಯಾರು ಹೆದರ್ತಾರ? ಆಟ ಸಪ್ಪಗಾಗ್ತದ."

ಶಿವಕಾಂತಾ ಆಗ ಬಾಯಿ ಬಿಟ್ಟಳು. "ವೈರಿಗಳು ಬೆನ್ನು ಹತ್ತಿದಾಗ ಸೇತುವೆ ಮ್ಯಾಲ ಅವನೊಬ್ಬನಿಗೇ ನಿಲ್ಲಿಸಿದ್ದು ನಾನು. ಸಾಯ್ತಾನಂತ ಗೊತ್ತಿದ್ದೇ ನಿಲ್ಲಿಸಿದೆ. ನಾವು ಪಾರಾದೆವು."

"ಯಾಕ್ರಿ?"

"ನೀ ವಾಪಸ್ ಬರ್ತಿ ಅನಿಸಲಿಲ್ಲ. ನಮ್ಮ ಸಾಲ್ಯಾಗ ಹದಿನೇಳು ಮಕ್ಕಳು ಅವ್ವ ಅಪ್ಪನ ಕೂಡ ಪುಣೆ, ಹೈದರಾಬಾದ ಅಂತ ಹೋದ್ರು. ಒಬ್ಬರೂ ಬಂದಿಲ್ಲ. ನೀನೂ ಹಂಗೇ ಅಂತ ತಿಳದೆ."

"ಒಂದು ಫೋನ್ ಮಾಡಬೇಕಿತ್ತಲ್ರಿ."

ಶಿವಕಾಂತಾ ರಬ್ಬರು ಕೈಗೆತ್ತಿಕೊಂಡಳು. ತನ್ನ ಹಾಳೆಯಲ್ಲಿದ್ದ ಆರನ್ನು ಅಳಿಸಿ ಐದು ಬರೆದಳು. "ಆ ಎರಡರಾಗ ಒಂದು ನನ್ನದರಾಗ ಹಿಡೀರಿ."

"ಕಾಯ್ದಾ ಹಂಗಿಲ್ಲ," ಎಂದ ಹಬೀಬ.

"ಬರದವರು ಯಾರು?"

"ನಾನೇ."

"ಹಂಗಾದ್ರ ತಿದ್ರಿ."

ಹಬೀಬ ಮಚ್ಛೇಂದ್ರನ ಮುಖ ನೋಡಿದ. ಅವನು ರಣಸಿಂಗನ ಹಾಳೆಯನ್ನು ತನ್ನ ಕಡೆ ಎಳೆದುಕೊಂಡ. ಹಬೀಬ ನೋಟ್‌ಬುಕ್ ತೆಗೆದು, ಒಬ್ಬರ ಪಾತ್ರ ಇನ್ನೊಬ್ಬರು ಆಡುವಾಗ ಸತ್ತರೆ ಸಜಾ ಇಬ್ಬರಿಗೂ ಅರ್ಧರ್ಧ ಎಂದು ಬರೆದುಕೊಂಡ. ಮಚ್ಛೇಂದ್ರ ಕೊನೆಗೆ ಪೆನ್ಸಿಲ್ ಎತ್ತಿಕೊಂಡು ತನ್ನ ಹಾಳೆಯಲ್ಲೂ ಐದು ಬರೆದ.

"ರಣಸಿಂಗ ಕಣ್ಣು ತೆರದ," ಎಂದ ಹಬೀಬ. "ಈಗೇನು ಮಾಡ್ತಾನ?"

ಮಚ್ಛೇಂದ್ರ ಪೆನ್ಸಿಲ್ ಕೆಳಗಿಟ್ಟ. "ಮೊದಲ ನೀರು ಕುಡೀತಾನ. ಆಮ್ಯಾಲ, ಮಂತ್ರಗಾತಿ ಎಲ್ಲಿ ಅದಾಳ ಅಂತ ಕೇಳ್ತಾನ."

"ಇಲ್ಲೇ ಇದ್ದೇನಿ," ಎಂದಳು ಶಿವಕಾಂತಾ.