ದುರ್ಗವ್ವ ಇಟ್ಟ ಹೆಸರು

ಮೂಡಲಪಾಳ್ಯದ ದುರ್ಗವ್ವನಿಗೆ ಹುಟ್ಟಿನಿಂದ ಕಿವಿ ಕೇಳದು, ಮಾತು ಬಾರದು. ಶಾಲೆಗೂ ಹೋದವಳಲ್ಲ. ಆಕೆ ರಸ್ತೆಗೆ ಬರುವ ಮೂರಡಿ ಓಣಿಗೆ ಪಕ್ಕದ ಮನೆಯ ದುಂಡೇಶ ಅಡ್ಡ ಗೋಡೆ ಕಟ್ಟಿಸಿದ. ಅಂದಿನಿಂದ ದುರ್ಗವ್ವ ಹಿಂದಿನ ಮನೆಯವರ ಅಡುಗೆಮನೆ ಹಾದು ಹೊರಗೆ ಬರಬೇಕು. ಅಲ್ಲಿ ದಿನಾ ಏನು ಸಾರು ಎಂಬುದು ಆಕೆಗೆ ಬಾಯಿಪಾಠ. ಗೋಡೆ ಕೆಡವಿಸಲು ಆಕೆ ದಾವೆ ಹೂಡಿದಳು. ಗೋಡೆ ಇಪ್ಪತ್ತು ವರ್ಷ ಹಳೆಯದು, ತೀರಿಹೋದ ತನ್ನಪ್ಪ ಕಟ್ಟಿಸಿದ್ದು ಎಂದು ದುಂಡೇಶ ಉತ್ತರ ಬರೆಸಿದ.

ಸನ್ನೆ ಭಾಷೆಯ ದುಭಾಷಿ ಸಿಗದೆ ನಾಲ್ಕು ವಾಯಿದೆ ಮುಂದೆ ಹೋದವು. ಪ್ರತಿ ಸಲ ದುಂಡೇಶ ಎದ್ದು ನಿಲ್ಲುತ್ತಿದ್ದ.

“ನಾನೇ ಹೇಳ್ತೀನಿ ಮೇಡಂ. ಮೂವತ್ತು ವರ್ಷದಿಂದ ಅಕ್ಕಪಕ್ಕ ಇದೀವಿ. ಆಯಮ್ಮನ ಒಂದೊಂದು ಸನ್ನೆನೂ ಗೊತ್ತು ನಂಗೆ.”

“ಅವರು ಕೇಸ್ ಹಾಕಿರೋದೇ ನಿಮ್ಮ ಮೇಲೆ. ಬೈದಿದ್ದನ್ನೂ ಹೊಗಳಿದ್ರು ಅಂತೀರಿ. ಕೂತ್ಕೊಳ್ಳಿ,” ಎಂದ ನ್ಯಾಯಾಧೀಶೆ ಎಲ್ಲಾ ಸನ್ನೆ ಗೊತ್ತೆಂಬ ಅವನ ಮಾತನ್ನು ಮಾತ್ರ ಬಿಡದೆ ಆರ್ಡರ್ ಶೀಟಿನಲ್ಲಿ ಬರೆಸಿದ್ದರು.

ಐದನೆಯ ವಾಯಿದೆಗೆ ದುಭಾಷಿ ರಮ್ಯಶ್ರೀ ಬಂದರು. ದುರ್ಗವ್ವ ಕೈ ತೋರಿಸಿ ಗುರುತಿಸಬಾರದೆಂದು ವಕೀಲ ಯೋಗಾನಂದ ತಮ್ಮ ಕಕ್ಷಿದಾರ ದುಂಡೇಶನನ್ನು ವರಾಂಡದಲ್ಲೇ ನಿಲ್ಲಿಸಿದ್ದರು.

ಗೋಡೆ ಕಟ್ಟಿಸಿದ್ದು ಯಾರು ಎಂಬ ಪ್ರಶ್ನೆಗೆ ದುರ್ಗವ್ವ ಗಾಳಿಯಲ್ಲಿ ಇಟ್ಟಿಗೆ ಜೋಡಿಸಿದಳು. ಆಮೇಲೆ ಇಲ್ಲದ ಪ್ಯಾಂಟನ್ನು ಎರಡೂ ಕೈಯಲ್ಲಿ ಮೇಲಕ್ಕೆಳೆದು ಹೊಟ್ಟೆಯನ್ನು ಎರಡು ಸಲ ತಟ್ಟಿದಳು.

“ಇದು ಯಾರದೋ ಹೆಸರು ಮೇಡಂ. ಅವರೇ ಮಾಡ್ಕೊಂಡಿರೋ ಸನ್ನೆ,” ಎಂದರು ರಮ್ಯಶ್ರೀ. “ಯಾರು ಅಂತ ಊಹೆ ಮಾಡಿ ಹೇಳೋಕೆ ನಂಗಾಗಲ್ಲ.”

“ನಮ್ಮ ಕಕ್ಷಿದಾರರ ತಂದೆ ನಂಜುಂಡಪ್ಪನವರೇ ಇರಬಹುದು, ಮಹಾಸ್ವಾಮಿ,” ಎಂದರು ಯೋಗಾನಂದ.

ನ್ಯಾಯಾಧೀಶೆ ಆರ್ಡರ್ ಶೀಟ್ ತಿರುವಿದರು. “ಎಲ್ಲಾ ಸನ್ನೆ ಗೊತ್ತು ಅಂದೋರು ಇದ್ದಾರಲ್ಲ, ಕರೀರಿ.”

ದುಂಡೇಶ ಒಳಗೆ ಬಂದ. ರಮ್ಯಶ್ರೀ ಅದೇ ಸನ್ನೆ ಮಾಡಿ ತೋರಿಸಿ, ಇದು ಯಾರ ಹೆಸರು ಎಂದು ಕೇಳಿದರು. ಅವನು ವಕೀಲರ ಮುಖ ನೋಡಿದ.

“ನಮ್ಮಪ್ಪಂದು ಮೇಡಂ,” ಎಂದವನು ಜಾರುತ್ತಿದ್ದ ಪ್ಯಾಂಟನ್ನು ಎರಡೂ ಕೈಯಲ್ಲಿ ಮೇಲಕ್ಕೆಳೆದುಕೊಂಡು, ಹೊಟ್ಟೆಯನ್ನು ಎರಡು ಸಲ ತಟ್ಟಿಕೊಂಡ.

ಯೋಗಾನಂದ ಕಣ್ಣು ಮುಚ್ಚಿಕೊಂಡರು.

“ನಿಮ್ಮ ತಂದೆ ಪ್ಯಾಂಟ್ ಹಾಕ್ತಿದ್ರಾ?” ಎಂದು ಕೇಳಿದರು ನ್ಯಾಯಾಧೀಶೆ.

“ಎಲ್ಲಿ ಬಂತು ಮೇಡಂ. ಸಾಯೋತನಕ ಪಂಚೆನೇ,” ಎಂದ ದುಂಡೇಶ ಹೆಮ್ಮೆಯಿಂದ.

ನ್ಯಾಯಾಧೀಶೆ ಅಷ್ಟನ್ನೂ, ಪ್ಯಾಂಟು ಸಮೇತ, ಬರೆಸಿದರು.

ಎರಡು ತಿಂಗಳಲ್ಲಿ ಗೋಡೆ ಬಿತ್ತು. ಹಿಂದಿನ ಮನೆಯಲ್ಲಿ ಏನು ಸಾರು ಎಂಬುದು ಈಗ ದುರ್ಗವ್ವನಿಗೆ ಗೊತ್ತಾಗುವುದಿಲ್ಲ.