ಮಾವನಿಗೆ ಕೂಡಿಬಂದದ್ದು

ಟೊಮೆಟೊ ವಾಸನೆ, ಬಿಸಿಲಿಗೆ ಹುಳಿ ಬಂದದ್ದು, ಮಂಡಿಯಿಂದ ಹಿಂತಿರುಗುವ ಯಾರದೋ ಖಾಲಿ ಕ್ರೇಟಿನದು, ಕೋಲಾರ ಬಿಟ್ಟು ಇಷ್ಟು ದೂರ ಬಂದರೂ ಬಸ್ಸಿನಿಂದ ಇಳಿಯುತ್ತಿಲ್ಲ, ಒಳಗೆ ಹೋಗಿ, ಒಳಗೆ ಹೋಗಿ ಅನ್ನುತ್ತ ಟಿಕೆಟ್ ಮಿಷಿನ್ ಒತ್ತುತ್ತಿದ್ದೇನೆ, ಕಣ್ಣು ಮಾತ್ರ ಮತ್ತೆ ಮತ್ತೆ ಮೂರನೇ ಸೀಟಿಗೆ — ಮುನಿಕೃಷ್ಣ ಮಾವ, ಅಮ್ಮನ ಕೊನೇ ತಮ್ಮ, ಮೂಗುಬಾಯಿಗೆ ಮಾಸ್ಕು, ಪಕ್ಕದಲ್ಲಿ ಅವನ ಹೆಂಡತಿ ಗಂಗತ್ತೆ, ಅವಳ ಮಡಿಲಲ್ಲಿ ಆಸ್ಪತ್ರೆಯ ಫೈಲು, ವರ್ಷ ತುಂಬಿತು ಇನ್ನು ಬಸ್ಸು ಹತ್ತಬಹುದು ಅಂದರಂತೆ ಡಾಕ್ಟರಮ್ಮ, ಹತ್ತಿದರೆ ನಮ್ಮ ಸುನಂದಳ ಬಸ್ಸೇ ಅಂತ ಎರಡು ಬಸ್ಸು ಬಿಟ್ಟು ಸ್ಟ್ಯಾಂಡಿನಲ್ಲಿ ಕಾದಿದ್ದಾನೆ, ಗೌನಿಪಲ್ಲಿಗೆ ಕೊಡಮ್ಮ ಕಂಡಕ್ಟ್ರೇ ಅಂದ, ನಗು ಕಣ್ಣಲ್ಲೇ ಕಾಣುತ್ತಿತ್ತು, ಎಷ್ಟು ವರ್ಷ ಈ ಮನುಷ್ಯ ನನ್ನೆದುರು ನಕ್ಕಿರಲಿಲ್ಲ.

ನನಗಾಗ ಇಪ್ಪತ್ತು, ಹತ್ತೊಂಬತ್ತು ವರ್ಷದ ಹಿಂದೆ, ಅಮ್ಮನ ತಾಯಿ ಬಚ್ಚಮ್ಮಜ್ಜಿ ಜಾತಕ ಹಿಡಿದು ಬಂದಿದ್ದಳು, ಎಲ್ಲ ಕೂಡಿದೆ, ಸೋದರಮಾವ ಇರುವಾಗ ಹುಡುಗಿ ಹೊರಗೆ ಯಾಕೆ ಹೋಗಬೇಕು, ಕುರುಡುಮಲೆ ಗಣಪನ ಮುಂದೆ ತಾಳಿ ಕಟ್ಟಿಸೋಣ — ಹೆಗಲ ಮೇಲೆ ಕೂರಿಸಿಕೊಂಡು ಮಾವಿನಕಾಯಿ ಕೀಳಿಸಿದವನು, ಅವನನ್ನು ಗಂಡ ಅಂತ ಹೇಗೆ ನೋಡಲಿ, ಆಗಲ್ಲ ಅಂದೆ, ಅಷ್ಟೇ, ಅಮ್ಮನ ತವರಿನ ಬಾಗಿಲು ಮುಚ್ಚಿತು, ಯುಗಾದಿಗೂ ಕರೆಯಿಲ್ಲ, ಗೌರಿ ಹಬ್ಬಕ್ಕೆ ಬಾಗಿನವಿಲ್ಲ, ಅಮ್ಮ ನನ್ನನ್ನು ಬೈಯಲಿಲ್ಲ, ಮುಖ ಆ ಕಡೆ ಮಾಡಿಕೊಂಡು ಸೊಪ್ಪು ಬಿಡಿಸುತ್ತಿದ್ದಳು, ಅದೇ ಬೈಗುಳಕ್ಕಿಂತ ಹೆಚ್ಚು, ನಾನು ಬೇರೆ ಕಡೆ ಮದುವೆಯಾದೆ, ಮಾವ ಗಂಗತ್ತೆಯನ್ನು ತಂದ, ಇದೇ ಬಸ್ಸಿನಲ್ಲಿ ಸಿಕ್ಕರೂ ಅವನು ಕಿಟಕಿ ನೋಡುತ್ತಿದ್ದ, ನಾನು ಟಿಕೆಟ್ ನೋಡುತ್ತಿದ್ದೆ.

ಒಂದೂವರೆ ವರ್ಷದ ಹಿಂದೆ ಒಂದು ಮಧ್ಯಾಹ್ನ ಶ್ರೀನಿವಾಸಪುರ ಸ್ಟ್ಯಾಂಡಿನಲ್ಲಿ ಗಂಗತ್ತೆ ಒಬ್ಬಳೇ ನಿಂತಿದ್ದಳು, ನಿನ್ನ ಕೇಳೋಕೆ ನಮಗೆ ಮುಖ ಇಲ್ಲ ಕಣೇ ಅಂತ ಶುರು ಮಾಡಿದಳು, ಮಾವನ ಮೂಳೆಯೊಳಗೆ ರಕ್ತ ಹುಟ್ಟುವುದೇ ನಿಂತಿದೆ, ಬೇರೆಯವರ ಮಜ್ಜೆಯ ಕಣ ಹಾಕಬೇಕು, ಆದರೆ ಮೈ ಕಾಯುವ ಜೀನು ಕೂಡಬೇಕು, ಇಲ್ಲದಿದ್ದರೆ ಒಳಗೇ ಜಗಳ, ನಿಮ್ಮಮ್ಮನದು ಅರ್ಧ ಮಾತ್ರ ಕೂಡಿತು, ಅವರ ಅಣ್ಣನದು ಅದೂ ಇಲ್ಲ, ಹೊರಗೆ ಹುಡುಕಿದರೆ ಕೊಡುವವರ ಪಟ್ಟಿಯಲ್ಲಿ ನಮ್ಮಂಥವರೇ ಕಡಿಮೆಯಂತೆ — ನಾನು ಕೆನ್ನೆಯೊಳಗೆ ಹತ್ತಿಕಡ್ಡಿ ಆಡಿಸಿ ಕೊಟ್ಟೆ, ಕೂಡಲಿಕ್ಕಿಲ್ಲ ಅಂದುಕೊಂಡು, ಕೂಡದಿರಲಿ ಅಂದುಕೊಂಡೆನೇ, ಒಂದು ಕ್ಷಣ ಅಂದುಕೊಂಡಿರಬೇಕು. ಪೂರ್ತಿ ಕೂಡಿತು. ಡಾಕ್ಟರಮ್ಮ ಹಾಳೆಯ ಮೇಲೆ ಗೆರೆ ಎಳೆದು ತೋರಿಸಿದರು, ಪ್ರತಿಯೊಬ್ಬರಿಗೂ ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ, ಅಮ್ಮನ ಕಡೆಯ ಅರ್ಧ ಸರಿ, ಅಪ್ಪನೂ ಅಮ್ಮನ ತಂದೆಯ ಸ್ವಂತ ತಂಗಿಯ ಮಗನೇ ತಾನೇ, ಉಳಿದರ್ಧ ಅಲ್ಲಿಂದ ಸುತ್ತಿ ಬಂದಿದೆ. ಮಾವನನ್ನು ಮದುವೆಯಾಗಲ್ಲ ಅಂದ ಹಳೇ ಕಥೆ ಹೇಳಿದೆ. ಅವರು ನಗಲಿಲ್ಲ, ಹೀಗೆ ಸುತ್ತುವಾಗ ಕಾಯಿಲೆಗಳೂ ಸುತ್ತುತ್ತವೆ, ನೀವು ಬೇಡ ಅಂದದ್ದು ತಪ್ಪಲ್ಲ ಅಂದರು, ಅಷ್ಟು ವರ್ಷದಲ್ಲಿ ಯಾರೂ ಅಂದಿರಲಿಲ್ಲ ಅದನ್ನು, ಆ ಕುರ್ಚಿಯಲ್ಲೇ ಹೂಂ, ಕೊಡ್ತೀನಿ ಅಂದುಬಿಟ್ಟೆ. ಅಜ್ಜಿ ಫೋನು ಮಾಡಿದಳು, ಕೂಡಿದೆ ಅಂತ ನಾನು ಅವತ್ತೇ ಅಂದೆ, ನೀನು ನಂಬ್ಲಿಲ್ಲ ಅಮ್ಮಾಯಿ ಅಂದಳು, ಆಮೇಲೆ ಮೂಗು ಸೀಟಿದ ಸದ್ದು.

ಕಣ ಹೆಚ್ಚಲೆಂದು ಐದು ದಿನ ಸೂಜಿ, ಸೊಂಟದ ಮೂಳೆಯೆಲ್ಲ ಸೆಳೆತ, ಆಮೇಲೆ ನಾಲ್ಕು ಗಂಟೆ ಮಲಗಿದ್ದು, ಒಂದು ಕೈಯಿಂದ ಮಿಷಿನ್ನಿಗೆ ಹೋಗಿ, ಕಣ ಅಲ್ಲೇ ಬಿಟ್ಟು ಇನ್ನೊಂದು ಕೈಗೆ ಮರಳುವ ರಕ್ತ, ತುಟಿ ಜುಮ್ಮೆನ್ನುತ್ತಿತ್ತು, ಗಾಜಿನಾಚೆ ಅಮ್ಮ ಮತ್ತು ಅಜ್ಜಿ ಒಂದೇ ಬೆಂಚಿನಲ್ಲಿ, ಒಂದೇ ಡಬ್ಬಿಯಿಂದ ಚಿತ್ರಾನ್ನ.

ಶ್ರೀನಿವಾಸಪುರ ದಾಟಿತು, ಸಂಜೆ, ಎರಡೂ ಕಡೆ ಮಾವಿನ ತೋಪು, ಮಾವ ನಿದ್ದೆ ಹೋಗಿದ್ದಾನೆ, ಅವನ ರಕ್ತ ಓ ಗುಂಪಿತ್ತು, ಈಗ ನನ್ನದೇ ಬಿ ಅಂತೆ, ಅವನ ಮುಂಗೈ ಮೇಲೆ ಸೊಳ್ಳೆಯೊಂದು ಕೂತು ಹೀರುತ್ತಿದೆ, ಹೊಟ್ಟೆ ಕೆಂಪಗೆ ಉಬ್ಬುತ್ತಿದೆ, ಮೆಲ್ಲನೆ ಹೊಡೆದೆ, ಅವನಿಗೆ ಎಚ್ಚರವಾಗಲಿಲ್ಲ, ನನ್ನ ಅಂಗೈಯಲ್ಲಿ ಒಂದು ಕೆಂಪು ಬೊಟ್ಟು, ಮುಂದಿನ ಸ್ಟಾಪು ಯಾರಮ್ಮ, ಸೀಟಿ ಊದಬೇಕು, ಒರೆಸಬೇಕು, ಒರೆಸಲಿಲ್ಲ, ಕೆಂಪು ಬೊಟ್ಟು, ಅವನದು, ನನ್ನದು, ಕೆಂಪು ಬೊಟ್ಟು —